ಹತ್ತೊಂಬತ್ತನೆಯ ಅಧ್ಯಾಯ

ಬಾಬುಸಾಬ ನದಾಫನಿಗೆ ಪುಸ್ತಕವೆಂದರೆ ಮೈಯೆಲ್ಲ ಉರಿಯುತ್ತಿತ್ತು. ಅವನದೂ ತಪ್ಪಿಲ್ಲ ಬಿಡಿ. ಮಗಳು ಫರಹೀನ ಬಿ.ಎ. ಮುಗಿಸಿ, ಶಿಕ್ಷಕರ ಪರೀಕ್ಷೆಗೆ ಓದುತ್ತೇನೆ ಎಂದು ಮನೆಯಲ್ಲಿ ಕೂತಳು. ಕೂತವಳು ಹಿಡಿದದ್ದು ಮಾತ್ರ ಕಾದಂಬರಿ. ಕುಡಚಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಸ್ನೇಹಲ ಟೀಚರು ಪ್ರತಿ ಭಾನುವಾರ ತಮ್ಮ ಮನೆಯಲ್ಲಿ ಏಳೆಂಟು ಜನರನ್ನು ಕೂಡಿಸಿ ಓದಿಸುತ್ತಿದ್ದರು. ಬರಲಾಗದವರು ತಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಈ ಓದುಬಳಗದ ಗ್ರೂಪಿಗೆ ಕಳಿಸಬೇಕು, ಸುಮ್ಮನೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ವರ್ಷ ಒಬ್ಬರೇ ಕಾದಂಬರಿಕಾರರನ್ನು ಪೂರ್ತಿ ಓದುವುದೆಂದು ತೀರ್ಮಾನವಾಗಿತ್ತು. ಅವರು ಶಿರಗುಪ್ಪಿ ಕಡೆಯ ಮಾಯಪ್ಪ ಕರೋಶಿ. ದಿಲ್ಲಿಯ ತನಕ ಹೋಗಿ ಪ್ರಶಸ್ತಿ ತಂದವರು, ಈಗ ಇಲ್ಲ.

"ಭಾನುವಾರ ಬಂತಂದ್ರ ಇಕಿ ಪುಸ್ತಕ ಬಗಲಾಗ ಇಟ್ಕೊಂಡ ಹೊಂಟಬಿಡ್ತಾಳ. ರೊಟ್ಟಿ ಯಾರ ಬಡೀಬೇಕು?" ಎಂದು ತಾಯಿ ಸಾಯಿರಾ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಗೊಣಗುತ್ತಿದ್ದಳು.

"ಓದಿ ಓದಿ ಕಡೀಕ ನಮ್ಮ ಗಾದಿ ಅಂಗಡ್ಯಾಗ ದಿಂಬ ಹೊಲೀಬೇಕ ತಗೋ," ಎನ್ನುತ್ತಿದ್ದ ಅಣ್ಣ ದಾನಿಶ. ಸ್ಟೇಶನ್ ರೋಡಿನ ಅಂಗಡಿಯಲ್ಲಿ ಹತ್ತಿ ಹಿಂಜುವ ಮಶೀನಿನ ಕೆಲಸ ಅವನದು, ಗಿರಾಕಿಗಳ ಕೂಡ ಮಾತು ತಂದೆಯದು.

ಕರೋಶಿಯವರ ಮೂರನೆಯ ಕಾದಂಬರಿ 'ಎರಡು ಗಾಡಿಯ ನಡುವೆ' ಶುರುವಾದ ವಾರ. ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ.

"ಅಬ್ಬಾ, ಈ ಪುಸ್ತಕದಾಗ ಒಬ್ಬ ಪಿಂಜಾರ ಬರ್ತಾನ," ಎಂದಳು ಫರಹೀನ ತಂದೆಗೆ.

"ಬರ್ಲಿ. ಬಂದ್ರ ನಮ್ಮಲ್ಲಿ ಕೆಲಸಕ್ಕ ಬಾ ಅನ್ನು, ಮಂದಿ ಸಿಗವಲ್ರು," ಎಂದ ದಾನಿಶ.

"ಚ್ಯಾಷ್ಟಿ ಬ್ಯಾಡ ಕೇಳ. ಇದs ಕುಡಚಿ, ಇದs ಸ್ಟೇಶನ್ ರೋಡು. ಲಾಡಸಾಬ ಅಂತ ಹೆಸರು. ಹತ್ತಿ ಹಿಂಜೂ ಬಿಲ್ಲಿಗೆ ಗೆಜ್ಜಿ ಕಟ್ಟಿರ್ತಾನ. ಒಂದ ಕಾಲ ಕುಂಟು."

ಮೂಲೆಯ ಹೊರಸಿನ ಮೇಲೆ ಅಜ್ಜಿ ಕುಲಸುಂಬಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಹಲ್ಲಿಲ್ಲದ ಬಾಯಿ ಅರ್ಧಕ್ಕೆ ನಿಂತಿತು.

"ಯಾವ ಕಾಲು?" ಎಂದಳು.

"ಎಡಗಾಲು, ದಾದಿ."

"ಚಾ ಬಶಿಗಿ ಹಾಕ್ಕೊಂಡ ಊದತಾನೇನ್?"

"ಊದತಾನ. ಕುಡದ ಮ್ಯಾಲ ಬಶಿ ನೆಕ್ಕತಾನ."

ಕುಲಸುಂಬಿ ಬಟ್ಟಲನ್ನು ಕೆಳಗಿಟ್ಟಳು. "ಬಾಬೂ, ಅಂವ ನಿಮ್ಮಪ್ಪ," ಎಂದಳು.

ಬಾಬುಸಾಬನ ತಂದೆ ಮಲಿಕಸಾಬ ತೀರಿಕೊಂಡಾಗ ಬಾಬುಸಾಬ ಇನ್ನೂ ಸಾಲೆಗೆ ಹೋಗದ ಕೂಸು. ಮನೆಯಲ್ಲಿ ಆತನದೊಂದು ಫೋಟೋ ಇಲ್ಲ. ಅವತ್ತಿಂದ ಕುಲಸುಂಬಿಯೇ ಗಾದಿ ಹೊಲಿದು ಅಂಗಡಿ ಉಳಿಸಿದ್ದು. ತಂದೆಯೆಂದರೆ ಬಾಬುಸಾಬನಿಗೆ ನೆನಪಿದ್ದದ್ದು ಬಿಲ್ಲಿನ ಸಪ್ಪಳ ಮತ್ತು ಮೂಗಿಗೆ ಹೋಗುತ್ತಿದ್ದ ಹತ್ತಿಯ ಧೂಳು, ಅಷ್ಟೇ. ಅದೂ ಖರೇನೋ, ಮಂದಿ ಹೇಳಿದ್ದು ಕೇಳಿ ಹುಟ್ಟಿದ್ದೋ ಅವನಿಗೇ ಗೊತ್ತಿರಲಿಲ್ಲ.

"ಆ ಮಾಯಪ್ಪ ಅನ್ನಾಂವ ನಮ್ಮ ಅಂಗಡಿ ಹಿಂದಿನ ಖೋಲ್ಯಾಗ ಬಾಡಿಗಿ ಇದ್ದ, ಸಾಲಿ ಕಲಿಯಾಕ," ಎಂದಳು ಕುಲಸುಂಬಿ. "ಸಂಜಿ ಆತಂದ್ರ ನಿಮ್ಮಪ್ಪನ ಮುಂದ ಬಂದ ಕುಂದ್ರತಿದ್ದ. ನಾನ ಎಷ್ಟೋ ಸಲ ರೊಟ್ಟಿ ಕೊಟ್ಟೇನಿ."

ಬಾಬುಸಾಬ ಕೈ ತೊಳೆಯುವುದನ್ನೂ ಮರೆತ. "ಓದು," ಎಂದ ಮಗಳಿಗೆ. "ಮೊದಲಿಂದ ಓದು."

ಅವತ್ತಿಂದ ಮನೆಯ ರೀತಿಯೇ ಬದಲಾಯಿತು. ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿ ಬಾಬುಸಾಬ ಊಟಕ್ಕೆ ಬರುತ್ತಿದ್ದ, ಉಂಡ ಮೇಲೆ ಓದು. ಆತ ನಾಲ್ಕನೆಯ ತರಗತಿ ತನಕ ಕಲಿತವ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತಿದ್ದವು. ಮುನ್ನೂರು ಪುಟ ಆಗುವ ಮಾತಲ್ಲ. ಫರಹೀನ ಓದುವಳು, ಕುಲಸುಂಬಿ ನಡುನಡುವೆ ತಡೆಯುವಳು. "ಟೊಪಗಿ ಹಂಗ ಹಾಕತಿದ್ದಿಲ್ಲ, ಕಿವಿ ಮ್ಯಾಲ ವಾರಿ ಹಾಕತಿದ್ದ," ಎನ್ನುವಳು. ಲಾಡಸಾಬ ಸ್ಟೇಶನ್ ಮಾಸ್ತರನಿಗೆ ಉತ್ತರ ಕೊಟ್ಟಲ್ಲೆಲ್ಲ ಬಾಬುಸಾಬ ತೊಡೆ ತಟ್ಟಿ ನಗುವನು. ದಾನಿಶ ಸಹ ಫೋನು ಬದಿಗಿಟ್ಟು ಕೇಳಿದ. ಗೊಣಗುವ ಸಾಯಿರಾ ಬೆಳ್ಳುಳ್ಳಿ ಸುಲಿಯುತ್ತ ಹತ್ತಿರ ಬಂದು ಕೂತಳು. ಅಷ್ಟು ವರ್ಷದ ಸಂಸಾರದಲ್ಲಿ ಗಂಡ ಹೀಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ, ಪಾಪ.

ಬಾಬುಸಾಬ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದ. ಚಹಾದಂಗಡಿಯಲ್ಲಿ ಹೇಳಿದ, ಮಸೀದಿಯ ಮೆಟ್ಟಿಲ ಮೇಲೆ ಹೇಳಿದ, ಚಿಕ್ಕೋಡಿಗೆ ಬಟ್ಟೆ ತರಲು ಹೋದಾಗ ಅಲ್ಲಿಯ ವ್ಯಾಪಾರಿ ಸಂಭಾಜಿಗೂ ಹೇಳಿದ. ಸಂಭಾಜಿ ತನ್ನ ಮಗಳ ಲಗ್ನದ ಗಾದಿಗಳ ಆರ್ಡರು ಅವತ್ತೇ ಕೊಟ್ಟು ಕಳಿಸಿದ. "ಪ್ರಶಸ್ತಿ ಬಂದ ಪುಸ್ತಕದಾಗ ಇರೋ ಮನಿತನ ಅಂದ್ರ ಸಾದಾ ಏನ್ರಿ," ಎಂದನಂತೆ.

ಇಷ್ಟರಲ್ಲಿ ಫರಹೀನ ಬಳಗಕ್ಕಾಗಿ ಮುಂದೆ ಮುಂದೆ ಓದಿಕೊಂಡು ಹೋಗುತ್ತಿದ್ದಳು. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬಂದು ನಿಂತಳು. ಊರಲ್ಲಿ ಒಬ್ಬ ಸಾವುಕಾರ ಕ್ಷಯರೋಗದಿಂದ ಸಾಯುತ್ತಾನೆ. ಸತ್ತವನ ಗಾದಿಯನ್ನು ಹೊಳೆದಂಡೆಗೆ ಒಯ್ದು ಸುಡು ಎಂದು ಲಾಡಸಾಬನಿಗೆ ಕೊಡುತ್ತಾರೆ, ಅದಕ್ಕೆ ಕೂಲಿಯನ್ನೂ ಕೊಡುತ್ತಾರೆ. ಲಾಡಸಾಬ ಸುಡುವುದಿಲ್ಲ. ಹತ್ತಿಯನ್ನು ಮತ್ತೆ ಹಿಂಜಿ, ಹೊಸ ಬಟ್ಟೆ ಹೊಲಿಸಿ, ಚಂಪಾ ಎಂಬ ಮದುಮಗಳ ಗಾದಿಗೆ ತುಂಬಿ ಮಾರುತ್ತಾನೆ. ವರ್ಷ ತುಂಬುವುದರೊಳಗೆ ಚಂಪಾ ರಕ್ತ ಕಾರಿ ಸಾಯುತ್ತಾಳೆ.

ಅವಳು ಪುಸ್ತಕ ಹಿಡಿದು ಅಡಿಗೆಮನೆಗೆ ಓಡಿದಳು. ಸಾಯಿರಾ ಒಲೆಯ ಮುಂದೆಯೇ ನಿಂತು ಎಲ್ಲ ಕೇಳಿಸಿಕೊಂಡಳು.

"ಖರೇ ಇದ್ದೀತೇನ್ ಅಮ್ಮಾ?"

"ಖರೇನೋ ಸುಳ್ಳೋ ಯಾಂವಗ ಗೊತ್ತು. ಕತಿ ಬರಿಯಾವ್ರು ಉಪ್ಪ ಖಾರ ಹಚ್ಚತಾರ."

"ನಾಳೆ ಇದನ್ನ ಓದೂದೈತಿ."

"ಓದಬ್ಯಾಡ."

"ಕೇಳತಾರಲ್ಲ. ಹದಿನೆಂಟು ಮುಗದೈತಿ ಅಂತ ಅಬ್ಬಾಗ ಗೊತ್ತೈತಿ."

"ಹಂಗಾರ ಬ್ಯಾರೆ ಏನರೆ ಓದು. ನಿನಗ ಬರೂದಿಲ್ಲೇನ್? ಇಷ್ಟ ಕಲತದ್ದು ಯಾತಕ್ಕ ಮತ್ತ?" ಸಾಯಿರಾ ಧ್ವನಿ ಇಳಿಸಿದಳು. "ಆ ಮನಷ್ಯಾ ಈಗ ಎರಡ ತುತ್ತ ಹೆಚ್ಚಿಗಿ ಉಣ್ಣಾಕತ್ತಾನವಾ. ಕೆಡಸಬ್ಯಾಡ."

ಮರುದಿನ ಫರಹೀನ ಪುಸ್ತಕದ ಮೇಲೆ ಕಣ್ಣಿಟ್ಟು, ಪುಟ ತಿರುವುತ್ತ, ಅದರಲ್ಲಿ ಇಲ್ಲದ್ದನ್ನು ಓದಿದಳು. ಲಾಡಸಾಬ ಸಾವುಕಾರನ ಗಾದಿಯನ್ನು ಹೊಳೆದಂಡೆಗೆ ಒಯ್ದ. ಬೆಂಕಿ ಹಚ್ಚಿ, ಬೂದಿಯಾಗುವ ತನಕ ಕಾದು ನಿಂತ. ಚಂಪಾಳ ತಂದೆ ಬಡವನೆಂದು ಹೊಸ ಹತ್ತಿಯ ಗಾದಿಯನ್ನು ಪುಕ್ಕಟೆ ಹೊಲಿದುಕೊಟ್ಟ. ಚಂಪಾ ಗಾಡಿ ಹತ್ತಿ ಗಂಡನ ಮನೆಗೆ ಹೋದಳು. ಭೇಷ್ ಓದಿದಳು ಹುಡುಗಿ. ಒಂದು ಕಡೆಯೂ ತಡವರಿಸಲಿಲ್ಲ.

ಬಾಬುಸಾಬ ಕಣ್ಣೊರೆಸಿಕೊಂಡ. ಆದರೆ ಕುಲಸುಂಬಿ ಅತ್ತದ್ದು ಬೇರೆಯೇ ತರಹ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗಿಸಿ ಅತ್ತಳು.

"ಇನ್ನೊಮ್ಮಿ ಓದು," ಎಂದಳು.

ಫರಹೀನ ಪುಟ ಹಿಂದೆ ತಿರುವಿ ಇನ್ನೊಮ್ಮೆ ಅದನ್ನೇ ಹೇಳಿದಳು.

"ಮಾಯಪ್ಪ ಹಿಂಗ ಬರದಾನೇನ್?"

"ಹೌದ ದಾದಿ."

"ದೊಡ್ಡ ಮನಷ್ಯಾ," ಎಂದಳು ಕುಲಸುಂಬಿ. "ಅಲ್ಲಾ ಅವಗ ಛಲೋದ ಮಾಡ್ಲಿ." ಅಂದು ಸಂಜೆ ಅವಳು ತಾನಾಗಿಯೇ ಕೇಳಿ ಅರ್ಧ ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು ಉಂಡಳು. ಮುದುಕಿಗೆ ಹುಷಾರಾಯಿತೆಂದು ಎಲ್ಲರಿಗೂ ಸಂತೋಷ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಬಾಬುಸಾಬನಿಗೆ ಅಷ್ಟು ಸಾಲಲಿಲ್ಲ. ಅಥಣಿಗೆ ಹೋಗಿ ದೊಡ್ಡ ಬೋರ್ಡು ಬರೆಸಿಕೊಂಡು ಬಂದ. 'ಪ್ರಶಸ್ತಿ ವಿಜೇತ ಕಾದಂಬರಿ ಎರಡು ಗಾಡಿಯ ನಡುವೆ ಇದರಲ್ಲಿ ಬರುವ ಪಿಂಜಾರ ಲಾಡಸಾಬ ಇವರ ಅಂಗಡಿ. ಲಗ್ನದ ಗಾದಿ, ದಿಂಬು ಆರ್ಡರಿನ ಮೇಲೆ ಮಾಡಿಕೊಡಲಾಗುವುದು.' ಕೆಂಪು ಅಕ್ಷರ, ರೈಲಿನಿಂದ ಇಳಿದವರಿಗೆಲ್ಲ ಕಾಣುವಂತೆ ಕಟ್ಟಿದ.

"ಅಬ್ಬಾ, ಬೋರ್ಡ ಬ್ಯಾಡ," ಎಂದಳು ಫರಹೀನ.

"ಯಾಕ?"

"ಮಂದಿ ಏನ ಅಂತಾರ."

"ಏನ ಅಂತಾರ? ಸತ್ತವರ ಗಾದಿ ಸುಟ್ಟ ಮನಿತನ ಅಂತಾರ. ಅನ್ಲಿ."

ಅವಳು ತಾಯಿಯ ಮುಖ ನೋಡಿದಳು. ಸಾಯಿರಾ ಹಿಟ್ಟು ಜರಡಿ ಹಿಡಿಯುತ್ತ ತಲೆ ಎತ್ತಲಿಲ್ಲ.

ಬೋರ್ಡನ್ನು ಬಳಗದವರೂ ನೋಡಿದರು. ಮುಂದಿನ ಭಾನುವಾರ ಫರಹೀನ ಹೋದರೆ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಬಳಗದಲ್ಲಿ ಗುರಪ್ಪ ಎಂಬ ನಿವೃತ್ತ ಪೋಸ್ಟ್ ಮಾಸ್ತರರಿದ್ದರು, ಕರೋಶಿಯವರ ಪುಸ್ತಕಗಳನ್ನು ಎರಡೆರಡು ಸಲ ಓದಿದವರು.

"ನಿಮ್ಮ ತಂದೀನ ನಾ ಏನೋ ತಿಳಕೊಂಡಿದ್ದೆ," ಎಂದರು ಗುರಪ್ಪ. "ಆ ಹತ್ತೊಂಬತ್ತನೇ ಅಧ್ಯಾಯ ಓದಿನೂ ಹಿಂಗ ಬೋರ್ಡ ಹಾಕಬೇಕಂದ್ರ ಎದಿ ಬೇಕವಾ. ನಮ್ಮಪ್ಪ ತಪ್ಪ ಮಾಡ್ಯಾನ, ನಾ ಮುಚ್ಚಿ ಇಡಾಂಗಿಲ್ಲ ಅಂದಂಗಾತು."

"ಬರೂ ವಾರ ಅದೇ ಅಧ್ಯಾಯದ ಚರ್ಚೆ ಐತಿ," ಎಂದರು ಸ್ನೇಹಲ ಟೀಚರು. "ಅವರನ್ನ ಕರಕೊಂಡ ಬಾ."

"ಅವ್ರು ಬರೂದಿಲ್ರಿ, ಅಂಗಡಿ ಬಿಡಾಕ ಆಗೂದಿಲ್ಲ. ಟೀಚರ್, ಆ ಅಧ್ಯಾಯ ಬಿಟ್ಟ ಮುಂದ ಹೋದ್ರ ನಡೀತೈತಿಲ್ರಿ?"

"ಕಾದಂಬರಿ ನಿಂತದ್ದೇ ಅದರ ಮ್ಯಾಲ. ಅದನ್ನ ಬಿಟ್ಟ ಏನ ಮಾತಾಡೂದು?"

ಫರಹೀನ ಅಲ್ಲಿಯೇ ಬಾಯಿ ಬಿಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಬಿಡಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಆದರೆ ಗುರಪ್ಪನವರು ಅಂಗಡಿಗೇ ಹೋಗಿ ಬಾಬುಸಾಬನ ಕೈ ಹಿಡಿದು, ಬಳಗಕ್ಕೆ ಬರಲೇಬೇಕೆಂದು ಹೇಳಿ ಬಂದರು. ಬಾಬುಸಾಬ ಭಾನುವಾರ ಗಡ್ಡ ಸರಿ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪೇಢೆಯ ಪೊಟ್ಟಣ ಹಿಡಿದು ಹೊರಟು ನಿಂತ. "ಜ್ವರ ಬಂದಾವ, ನಾನೂ ಹೋಗೂದಿಲ್ಲ, ನೀವೂ ಬ್ಯಾಡ," ಎಂದು ಫರಹೀನ ಹೇಳಿ ನೋಡಿದಳು. ಆತ ಅವಳ ಹಣೆ ಮುಟ್ಟಿ, "ಏನೂ ಇಲ್ಲ, ನಡೀ," ಎಂದ.

ಸ್ನೇಹಲ ಟೀಚರರ ಪಡಸಾಲೆಯಲ್ಲಿ ಬಾಬುಸಾಬನಿಗೆ ಕುರ್ಚಿ ಹಾಕಿದರು, ಉಳಿದವರೆಲ್ಲ ಚಾಪೆಯ ಮೇಲೆ. ಆತ ಪೇಢೆ ಹಂಚಿದ. ಗುರಪ್ಪ ಕನ್ನಡಕ ಏರಿಸಿ ಓದತೊಡಗಿದರು. ಸಾವುಕಾರ ಸತ್ತ, ಗಾದಿ ಕೊಟ್ಟರು, ಕೂಲಿ ಕೊಟ್ಟರು. ಬಾಬುಸಾಬ ಮುಗುಳ್ನಗುತ್ತ ಕೇಳಿದ. ಗುರಪ್ಪನವರ ದನಿ ಮುಂದೆ ಹೋಯಿತು. "ಲಾಡಸಾಬ ಬೆಂಕಿಕಡ್ಡಿ ಕೊರೆದವನು ಆರಿಸಿಬಿಟ್ಟ. ಗಾದಿಯ ಹೊಟ್ಟೆ ಸೀಳಿ ಕೈ ಹಾಕಿದ. ಎಂಥ ಹತ್ತಿ! ಮಾರಿದರೆ ಯಾರಿಗೆ ಗೊತ್ತಾದೀತು..."

ಬಾಬುಸಾಬನ ನಗು ಮುಖದ ಮೇಲೆ ಹಾಗೇ ಉಳಿದುಕೊಂಡಿತ್ತು, ತೆಗೆಯಲು ಮರೆತವರ ಹಾಗೆ. ಚಂಪಾ ಸಾಯುವ ತನಕ ಆತ ಅಲುಗಲಿಲ್ಲ.

"ಗುರಪ್ಪನವ್ರ, ಇದ ಯಾವ ಪುಸ್ತಕರಿ?" ಎಂದು ಕೇಳಿದ.

"ಯಾವದಂದ್ರ? ಇದೇರಿ, ನಿಮ್ಮ ಬೋರ್ಡಿನ್ಯಾಗ ಇದ್ದದ್ದು."

ಬಾಬುಸಾಬ ಮಗಳ ಕಡೆ ನೋಡಿದ. ಅವಳು ಚಾಪೆಯ ಎಳೆ ಕೀಳುತ್ತ ಕೂತಿದ್ದಳು. ಆತ ಎದ್ದು ಚಪ್ಪಲಿ ಹಾಕಿಕೊಂಡು ಒಬ್ಬನೇ ಹೊರಟುಹೋದ.

ಮನೆಯಲ್ಲಿ ಅವತ್ತು ನಡೆದ ರಂಪ ಓಣಿಗೆಲ್ಲ ಕೇಳಿಸಿತು.

"ಸುಳ್ಳ ಓದಿಸಿದ್ದು ನಾನು. ಬಯ್ಯೂದಿದ್ರ ನನಗ ಬಯ್ರಿ," ಎಂದಳು ಸಾಯಿರಾ.

"ತಾಯಿ ಮಗಳು ಕೂಡಿ ನನ್ನ ಪ್ಯಾಟ್ಯಾಗ ಬೆತ್ತಲೆ ನಿಂದರಿಸಿದ್ರಿ. ಮೊದಲs ಗೊತ್ತಿದ್ರ ಅಂವ ನಮ್ಮಪ್ಪ ಅಲ್ಲ ಅಂತಿದ್ದೆ. ಯಾರೋ ಕುಂಟ ಪಿಂಜಾರ ಅಂತಿದ್ದೆ. ಈಗ ನನ್ನ ಕೈಲೇನ ಬೋರ್ಡ ಬರಸೇನಿ."

"ಗಾದಿಯಿಂದ ಆ ರೋಗ ಬರೂದಿಲ್ಲ ಅಬ್ಬಾ, ಡಾಕ್ಟರಿಗಿ ಕೇಳೋಣು," ಎಂದ ದಾನಿಶ.

"ಡಾಕ್ಟರಿನ್ನ ಕರಕೊಂಡ ಮನಿ ಮನಿ ತಿರಗತೀಯೇನ್ಲೇ?"

ಬೋರ್ಡು ಮರುದಿನವೇ ಇಳಿಯಿತು, ಆದರೆ ಮಾತು ಇಳಿಯಲಿಲ್ಲ. ಪುಸ್ತಕ ಮುಟ್ಟದವರೂ ಕತೆ ಹೇಳತೊಡಗಿದರು. ಹಿಂಜಲು ಕೊಟ್ಟ ಹಳೆಯ ಗಾದಿಗಳನ್ನು ಮಂದಿ ಹಾಗೆಯೇ ಎತ್ತಿಕೊಂಡು ಹೋದರು. ಒಬ್ಬಾಕೆ ನಮ್ಮದೇ ಹತ್ತಿ ಹೌದಲ್ಲೋ ಎಂದು ಅಂಗಡಿಯ ಮುಂದೆಯೇ ಬಿಚ್ಚಿ ನೋಡಿದಳು. ಸಂಭಾಜಿ ಚಿಕ್ಕೋಡಿಯಿಂದ ತಾನೇ ಬಂದ. ಒಳ್ಳೆಯ ಮನುಷ್ಯ, ಚಹಾ ಕುಡಿದೇ ಮಾತಾಡಿದ.

"ನನಗೇನಿಲ್ರಿ ಬಾಬುಸಾಬ. ಆದ್ರ ಬೀಗರಿಗೆ ಗೊತ್ತಾಗೇತಿ. ಲಗ್ನದ ಗಾದಿ ನೋಡ್ರಿ, ಮಕ್ಕಳ ಬಾಳೇವದ ಪ್ರಶ್ನೆ."

"ಹೊಸಾ ಹತ್ತಿರಿ. ನಿಮ್ಮ ಕಣ್ಣ ಮುಂದ ತುಂಬತೇನಿ."

"ಬ್ಯಾಡ್ರಿ," ಎಂದ ಸಂಭಾಜಿ.

ಮನೆಯಲ್ಲಿ ಪಲ್ಯ ತೆಳ್ಳಗಾಯಿತು. ಮಧ್ಯಾಹ್ನ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಂಡು ಏಳುತ್ತಿದ್ದರು. ಕುಲಸುಂಬಿಗೆ ಮಾತ್ರ ಯಾರೂ ಬಿಡಿಸಿ ಹೇಳಿರಲಿಲ್ಲ. ಜಗಳದಲ್ಲಿ ಕಿವಿಗೆ ಬಿದ್ದಷ್ಟೇ ಅವಳಿಗೆ ಗೊತ್ತು. ಹೀಗೆ ಒಂದು ವಾರ ಹೋಯಿತು. ಆಮೇಲೆ ಒಂದು ಮುಂಜಾನೆ ಬಾಬುಸಾಬ ತಾಯಿಯ ಹೊರಸಿನ ಹತ್ತಿರ ಬಂದು ಕೂತ.

"ಅವ್ವಾ, ಭಾನುವಾರ ಆ ಟೀಚರ ಮನಿಗಿ ನನ್ನ ಕೂಡ ಬಾ. ಕುರಾನಿನ ಮ್ಯಾಲ ಕೈ ಇಟ್ಟ ಒಂದ ಮಾತ ಹೇಳು. ನನ್ನ ಗಂಡ ಹಂಗ ಮಾಡಿಲ್ಲ, ಬರದದ್ದು ಸುಳ್ಳು ಅಂತ. ನೀ ಹೇಳಿದ್ರ ಊರ ನಂಬತೈತಿ. ಅವರs ನಾಕ ಮಂದಿಗಿ ಹೇಳತಾರ."

"ಪೋರಿಗಿ ಕಳಸು," ಎಂದಳು ಕುಲಸುಂಬಿ.

ಫರಹೀನ ಬಂದಳು.

"ಬರದದ್ದ ಓದು. ನಿಂದಲ್ಲ, ಅವನದು."

ಫರಹೀನ ಓದಿದಳು. ಮುದುಕಿ ಈ ಸಲ ಅಳಲಿಲ್ಲ. ಗೋಡೆಗೆ ತಲೆಯಿಟ್ಟು ಕೇಳಿದಳು.

"ಆ ಹುಡಿಗಿಗಿ ಏನ ಹೆಸರ ಇಟ್ಟಾನ?"

"ಚಂಪಾ."

"ಚಂಪಾ ಅಲ್ಲ. ಶಿವಗಂಗಾ." ಕುಲಸುಂಬಿ ಮಗನ ಕಡೆ ತಿರುಗಿದಳು. "ಕಾಗವಾಡ ಕಡೀ ಹುಡಿಗಿ. ಗಾದಿಗಿ ಬಟ್ಟಿ ನಾನs ಹೊಲದೇನಿ ಬಾಬೂ. ಯಾರ ಹತ್ತಿ ಅಂತ ಗೊತ್ತಿದ್ದs ಹೊಲದೇನಿ. ಹೊಟ್ಟಿಗಿ ಇರಲಿಲ್ಲ ಅಂತ ಹೇಳಾಂಗಿಲ್ಲ, ಇತ್ತು. ಹತ್ತಿ ಛಲೋ ಇತ್ತು, ಸುಡಾಕ ಇಬ್ಬರಿಗೂ ಮನಸ ಬರಲಿಲ್ಲ. ಆ ಮಾಯಪ್ಪ ಬಾಗಲದಾಗ ನಿಂತಿದ್ದ, ನೋಡ್ಯಾನ. ಇಕಿ ಅವತ್ತ ಓದಿದಾಗ ಅಂವ ನೋಡಿನೂ ಬರೀಲಿಲ್ಲ, ಮಾಫ ಮಾಡ್ಯಾನ ಅಂತ ತಿಳಕೊಂಡಿದ್ನಿ."

ಬಾಬುಸಾಬ ಎದ್ದು ಹೊರಗಿನ ಬಾಗಿಲು ಮುಚ್ಚಿ ಬಂದ.

"ಭಾನುವಾರ ಬರ್ತೇನಿ," ಎಂದಳು ಕುಲಸುಂಬಿ. "ಅಕಿ ಹೆಸರ ಹೇಳಾಕ ಬರ್ತೇನಿ."

"ಬ್ಯಾಡ ಅವ್ವಾ."

"ಬರ್ತೇನಿ."

ಭಾನುವಾರ ಕುಲಸುಂಬಿ ಮುಂಜಾನೆಯೇ ಜಳಕ ಮಾಡಿ, ಮಡಿಚಿಟ್ಟಿದ್ದ ಸೀರೆ ಉಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಳು. ಬಾಬುಸಾಬ ದಾನಿಶನನ್ನು ಕರೆದುಕೊಂಡು ಹೊರಗೆ ಹೋದ. ಹೊರಗಿನಿಂದ ಕೊಂಡಿ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು. ಹೆತ್ತ ತಾಯಿಯನ್ನು ಒಳಗೆ ಹಾಕಿ ಕೊಂಡಿ ಹಾಕುವ ಕಾಲ ಬಂತು ಆ ಮನೆಗೆ.

ಕುಲಸುಂಬಿ ಹೊತ್ತು ಏರುವ ತನಕ ಕಾದಳು. "ಪೋರಿ, ಹೋಗಾಕ ಆಗದವ್ರು ಫೋನಿನ್ಯಾಗ ಮಾತಾಡಿ ಕಳಸತಾರ ಅಂತಿದ್ದಿಲ್ಲ. ತಗೊಂಡ ಬಾ," ಎಂದಳು.

ಫರಹೀನ ಫೋನು ತಂದಳು. ಅಡಿಗೆಮನೆಯ ಬಾಗಿಲಲ್ಲಿ ಸಾಯಿರಾ ನಿಂತಿದ್ದಳು. ಅವಳು ತಲೆ ಅಲ್ಲಾಡಿಸಲಿಲ್ಲ, ಕೈ ಮಾಡಲಿಲ್ಲ; ಮಗಳನ್ನು ನೋಡುತ್ತ ಎರಡೂ ಕೈ ಜೋಡಿಸಿದಳು, ಅಷ್ಟೇ. ಫರಹೀನ ಬಳಗದ ಗ್ರೂಪು ತೆಗೆದಳು. ರೆಕಾರ್ಡ್ ಮಾಡುವ ಗುಂಡಿಯ ಮೇಲೆ ಬೆರಳಿಡಲಿಲ್ಲ. ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು.

"ಮಾತಾಡ್ರಿ ದಾದಿ, ಎಲ್ಲಾರಿಗೂ ಹೋಗತೈತಿ."

ಕುಲಸುಂಬಿ ಸೆರಗು ಸರಿ ಮಾಡಿಕೊಂಡಳು. "ನಾನ ಮಲಿಕಸಾಬನ ಹೇಣ್ತಿ ಕುಲಸುಂಬಿ," ಎಂದು ಶುರು ಮಾಡಿ, ಸತ್ತವನ ಹತ್ತಿ, ತಾನು ಹೊಲಿದ ಬಟ್ಟೆ, ಕಾಗವಾಡದ ಮಂದಿ ಗಾದಿಯನ್ನು ಚಕ್ಕಡಿಗೆ ಹೇರಿದ್ದು, ಯಾವುದನ್ನೂ ಬಿಡದೆ ಹೇಳಿದಳು. "ಅಕಿ ಹೆಸರ ಶಿವಗಂಗಾ. ಪುಸ್ತಕದಾಗ ತಪ್ಪ ಐತಿ. ಅಕಿ ಕಡ್ಯಾವ್ರ ಯಾರರೆ ಉಳದಿದ್ರ ನನ್ನ ಕಡೆ ಕಳಸ್ರಿ. ಬಯ್ದ ಹೋಗ್ಲಿ," ಎಂದು ಮುಗಿಸಿದಳು.

"ಹೋತೇನ್?"

"ಹೋತ ದಾದಿ," ಎಂದಳು ಫರಹೀನ.

ಕುಲಸುಂಬಿ ಅಲ್ಲಿಯೇ ಕೂತಳು. ರೊಟ್ಟಿ ಕೊಟ್ಟರೆ ಆಮೇಲೆ ಎಂದಳು. ಆಗಾಗ ಫೋನಿನ ಕಡೆ ನೋಡುತ್ತಿದ್ದಳು. ಸಂಜೆ ಬಾಬುಸಾಬ ಕೊಂಡಿ ತೆಗೆದು ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಕೈಕಾಲು ತೊಳೆಯಲು ಹೋದ.

"ಕೇಳಿದ್ರೇನ್ ಅವ್ರು?" ಎಂದು ಕುಲಸುಂಬಿ ಮೊಮ್ಮಗಳನ್ನು ಮೆಲ್ಲಗೆ ಕೇಳಿದಳು.

"ಕೇಳಿದ್ರು."

"ಏನಂದ್ರು?"

ಏನಾದರೊಂದು ಕಟ್ಟಿ ಹೇಳಬೇಕಿತ್ತು. ಹಿಂದೊಮ್ಮೆ ಇಡೀ ಅಧ್ಯಾಯವನ್ನೇ ಕಟ್ಟಿದ ಹುಡುಗಿಗೆ ಈಗ ಒಂದು ಮಾತೂ ಬರಲಿಲ್ಲ.

"ಏನೂ ಅನ್ಲಿಲ್ಲ ದಾದಿ," ಎಂದಳು.

"ಏನೂ?" ಎಂದಳು ಕುಲಸುಂಬಿ. "ಅನ್ನಬೇಕಾಗಿತ್ತವಾ, ಏನರೆ," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.